ಮಾವನ ಎಡಗಡೆ

ಮಾವನ ಮನೆ ದಿಬ್ಬದ ಮೇಲಿತ್ತು, ನೀರು ಕೆಳಗಿತ್ತು. ನಡುವೆ ಒಂದೂವರೆ ಮೈಲಿ ಇಳಿಜಾರು, ಅದರ ಮಧ್ಯದಲ್ಲಿ ಮೊಣಕೈ ಮಡಚಿದ ಹಾಗೆ ಒಂದು ತಿರುವು. ನದಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಂಡಿದ್ದ ಜಾಗ ಅದು. ಅಲ್ಲಿ ದೋಣಿಯನ್ನು ಬಿಟ್ಟುಬಂದರೆ ಏರಿಳಿಯುವ ನೀರು ಅದನ್ನು ಬಂಡೆಗೆ ಕುಟ್ಟಿ ಕುಟ್ಟಿ ಹಾಳುಮಾಡುತ್ತದೆ ಎಂದು, ಮಾವ ಮೀನಿಗೆ ಹೋಗಿ ಬಂದಾಗಲೆಲ್ಲ ಅದನ್ನು ಟ್ರೇಲರಿನ ಮೇಲಕ್ಕೆಳೆದು, ಜೀಪಿಗೆ ಕಟ್ಟಿ ಅಂಗಳಕ್ಕೆ ತರುತ್ತಿದ್ದರು. ವಾರಕ್ಕೆ ಮೂರು ಸಲ ಇಳಿಸುವುದು, ಮೂರು ಸಲ ಹತ್ತಿಸುವುದು. ಹತ್ತಿಸುವುದಕ್ಕೆ ಜೀಪಿನ ಎಂಜಿನ್ ಸಾಕು. ಇಳಿಸುವುದಕ್ಕೆ ಬೇಕಾಗಿದ್ದು ಬ್ರೇಕು.

ಆ ಬ್ರೇಕು ಹನ್ನೊಂದು ವರ್ಷಗಳಿಂದ ದೊಡ್ಡಳಿಯನ ಕೈಯಲ್ಲಿತ್ತು.

ದೊಡ್ಡಳಿಯ ಅದೇ ಊರಿನವನು. ಮಾವನ ಮನೆಯಿಂದ ನಾಲ್ಕು ಮನೆ ಆಚೆಗೆ ಅವನ ರಿಪೇರಿ ಷೆಡ್ಡು, ಷೆಡ್ಡಿನ ಹಿಂದೆಯೇ ಮನೆ. ಪಂಪು, ಟಿಲ್ಲರು, ಟ್ರ್ಯಾಕ್ಟರು, ಏನು ಬಂದರೂ ಬಿಚ್ಚುತ್ತಿದ್ದ. ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಿದ್ದ ಎನ್ನುವುದೇ ಅವನಿಗೂ ಊರಿನ ಉಳಿದ ಇಬ್ಬರು ಮೆಕ್ಯಾನಿಕ್‌ಗಳಿಗೂ ಇದ್ದ ವ್ಯತ್ಯಾಸ ಎಂದು ಜನ ನಗೆಯಾಡುತ್ತಿದ್ದರು.

ಟ್ರೇಲರಿನ ಬ್ರೇಕಿಗೆ ಪೆಡಲ್ ಇರಲಿಲ್ಲ. ಮುಂದೆ ಜೀಪು ನಿಧಾನವಾದರೆ ಹಿಂದಿನ ಭಾರ ಮುಂದಕ್ಕೆ ನುಗ್ಗುತ್ತದೆ. ಆ ನುಗ್ಗಾಟವೇ ಜೀಪಿಗೆ ಕೊಂಡಿ ಹಾಕುವ ಟ್ರೇಲರಿನ ಮೂತಿಯೊಳಗಿನ ಪಿಸ್ಟನ್ನನ್ನು ಒತ್ತುತ್ತದೆ. ಒತ್ತಿದ ಆಯಿಲು ಕೊಳವೆಯಲ್ಲಿ ಹಿಂದಕ್ಕೆ ಹೋಗಿ ಎರಡೂ ಗಾಲಿಗಳನ್ನು ಹಿಡಿಯುತ್ತದೆ. ಗಾಲಿಯೊಳಗೆ ಇದ್ದದ್ದು ಡಬ್ಬಿಯ ಹಾಗೆ ಮುಚ್ಚಿದ ಹಳೆಯ ಡ್ರಮ್ ಬ್ರೇಕು. ದೋಣಿಯನ್ನು ನೀರಿಗೆ ಬಿಡಬೇಕಾದರೆ ಟ್ರೇಲರು ಗಾಲಿ ಮುಳುಗುವವರೆಗೂ ಉಪ್ಪುನೀರಿಗೆ ಇಳಿಯಬೇಕು. ಡ್ರಮ್ಮಿಗೆ ನುಗ್ಗಿದ ನೀರಿಗೆ ಒಳಗೆ ಬರುವ ದಾರಿ ಗೊತ್ತು, ಹೊರಗೆ ಹೋಗುವ ದಾರಿ ಗೊತ್ತಿಲ್ಲ. ಎರಡು ತಿಂಗಳಿಗೊಮ್ಮೆ ದೊಡ್ಡಳಿಯ ಎರಡೂ ಡ್ರಮ್ ಕಳಚಿ, ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, ಲೈನರಿಗೆ ಮರಳುಕಾಗದ ಉಜ್ಜಿ, ತಿಂದುಹೋದ ಸ್ಪ್ರಿಂಗು ಬದಲಿಸಿ ಮುಚ್ಚುತ್ತಿದ್ದ. ಮುಗಿಯುವ ಹೊತ್ತಿಗೆ ಮೂಗಿನೊಳಗೂ ತುಕ್ಕು. ಪಡಸಾಲೆಯಲ್ಲಿ ಬಲೆ ಹೆಣೆಯುತ್ತ ಕೂತ ಮಾವ ತಲೆಯೆತ್ತಿ, "ಕಾಫಿ ಕುಡ್ಕೊಂಡು ಹೋಗಿ," ಎನ್ನುತ್ತಿದ್ದರು. ಅಷ್ಟೇ. ಅವನು ಕುಡಿದು, ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಿದ್ದ.

ಹೋಗಿ, ಕುಡ್ಕೊಂಡು ಹೋಗಿ. ಹನ್ನೊಂದು ವರ್ಷವೂ ಬಹುವಚನ. ಮದುವೆಯಾದ ಹೊಸದರಲ್ಲಿ ಅದು ಮರ್ಯಾದೆ ಎಂದು ದೊಡ್ಡಳಿಯ ಉಬ್ಬಿದ್ದ. ಚಿಕ್ಕಳಿಯ ಬಂದ ಮೇಲೆ ಆ ಮರ್ಯಾದೆ ಹಳಸಿತು. ಮದುವೆಯಾಗಿ ಎರಡನೇ ಸಲ ಮನೆಗೆ ಬಂದಾಗಲೇ ಮಾವ ಅವನಿಗೆ, "ಬಾರೋ, ಈ ಹಗ್ಗ ಸ್ವಲ್ಪ ಹಿಡ್ಕೋ," ಎಂದಿದ್ದರು. ಆಗ ದೊಡ್ಡಳಿಯ ಅಂಗಳದಲ್ಲೇ ಇದ್ದ, ಹಗ್ಗಕ್ಕೆ ಅವನೇ ಹತ್ತಿರವೂ ಇದ್ದ. ಹಗ್ಗ ದೂರದವನ ಕೈಗೆ ಹೋಯಿತು. ಮನೆಯ ಮಗನಿಗೆ ಮಾತ್ರ ಸಿಗುವಂಥ ಆ 'ಬಾರೋ' ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ನಟ್ಟು ಬೋಲ್ಟು ತಿರುಗಿಸುವ ಯಾವ ಪಾನದಿಂದಲೂ ಬಿಚ್ಚಿ ತೆಗೆದುಕೊಳ್ಳಲಾಗುವುದಿಲ್ಲ.

ಚಿಕ್ಕಳಿಯ ಪೇಟೆಯಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿಯ ಕೌಂಟರಿನಲ್ಲಿದ್ದ. ಬೆಳ್ಳಗಿನ ಅಂಗೈ, ಜೇಬಿನಲ್ಲಿ ಎರಡು ಪೆನ್ನು, ಯಾರ ಮಾತಿಗೂ ಮೊದಲು ನಗು. ಶನಿವಾರಕ್ಕೊಮ್ಮೆ ಹೆಂಡತಿಯ ಜೊತೆ ಬಂದು ಭಾನುವಾರ ಸಂಜೆ ಹೋಗುತ್ತಿದ್ದ. ಅವನು ಕೆಟ್ಟವನಾಗಿದ್ದರೆ ದೊಡ್ಡಳಿಯನಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಸುದ್ದಿ ತಂದವಳು ದೊಡ್ಡಳಿಯನ ಹೆಂಡತಿ.

"ಅಪ್ಪ ಟ್ರೇಲರಿಗೆ ಡಿಸ್ಕ್ ಬ್ರೇಕ್ ಹಾಕಿಸ್ತಾರಂತೆ."

ಅವನು ಪಂಪಿನ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. "ಯಾರ ಹತ್ರ?"

"ತಂಗಿ ಗಂಡನೇ ಹಾಕ್ತಾನಂತೆ. ಉಪ್ಪುನೀರಿಗೆ ತಡೆಯೋ ಅಂಥದ್ದು, ಅವರ ಅಂಗಡಿಗೇ ಬಂದಿದೆಯಂತೆ. ತೆರೆದೇ ಇರೋದರಿಂದ ನೀರು ನಿಲ್ಲಲ್ವಂತೆ. ಎರಡು ತಿಂಗಳಿಗೊಂದು ಸಲ ಬಿಚ್ಚೋ ತಾಪತ್ರಯ ಇಲ್ಲ ಅಂದ."

"ತಾಪತ್ರಯ ಅಂದನಾ?"

"ನಿಮ್ಮ ಕಷ್ಟ ತಪ್ಪುತ್ತೆ ಅನ್ನೋ ಅರ್ಥದಲ್ಲಿ ಅಂದ."

"ನಾನು ಯಾವತ್ತು ಕಷ್ಟ ಅಂದಿದ್ದೆ?"

"ನೀವು ಯಾವತ್ತು ಏನಾದ್ರೂ ಅಂದಿದ್ದೀರಿ ಹೇಳಿ," ಎಂದು ಅವಳು ಒಳಗೆ ಹೋದಳು.

ಮಾತು ಸರಿಯಾಗಿಯೇ ಇತ್ತು. ಡಿಸ್ಕ್ ಹಾಕಬೇಕು ಎಂದು ಅವನಿಗೂ ಮೂರು ವರ್ಷಗಳಿಂದ ಗೊತ್ತಿತ್ತು. ಮಾವ ಕೇಳಲಿ ಎಂದು ಕಾದಿದ್ದ. ಕಾಯುವವನ ಸರದಿಗೆ ಕೇಳದೆ ಬಂದವನು ನಿಂತುಬಿಟ್ಟಿದ್ದ.

ಶನಿವಾರ ಮಧ್ಯಾಹ್ನ ಹೆಂಡತಿಯ ತಂಗಿ ಷೆಡ್ಡಿಗೆ ಬಂದಳು. "ಭಾವ, ನಿಮ್ಮ ದೊಡ್ಡ ಜಾಕ್ ಬೇಕಂತೆ. ಅಪ್ಪನ ಜಾಕು ಎತ್ತುತ್ತೆ, ಆಮೇಲೆ ನಿಧಾನಕ್ಕೆ ಕೂತ್ಕೊಂಡ್ಬಿಡುತ್ತೆ."

"ಅದಕ್ಕೂ ವಯಸ್ಸಾಯ್ತು," ಎಂದ ದೊಡ್ಡಳಿಯ. "ನಾನೂ ಬರ್ಬೇಕಂತಾ?"

"ಇಲ್ಲ, ಜಾಕ್ ಅಷ್ಟೇ ಕೇಳಿದ್ರು," ಎಂದಳು ಅವಳು. ಅವಳಿಗೆ ಮಾತಿನಲ್ಲಿ ಮುಳ್ಳಿಡುವ ಅಭ್ಯಾಸವಿರಲಿಲ್ಲ, ಅದಕ್ಕೇ ಆಳವಾಗಿ ಚುಚ್ಚಿತು.

ಜಾಕನ್ನು ಅವಳಿಂದ ಎತ್ತಲಾಗುವುದಿಲ್ಲ ಎಂಬ ನೆಪ ಸಿಕ್ಕಿತು. ಅವನೇ ಹೊತ್ತುಕೊಂಡು ಹೊರಟ.

ಅಂಗಳದಲ್ಲಿ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಇಳಿಸಿದ್ದರು. ಒಂದು ಗಾಲಿಯ ಕೆಲಸ ಮುಗಿದಿತ್ತು. ಇನ್ನೊಂದರ ಪಕ್ಕದಲ್ಲಿ ಚಿಕ್ಕಳಿಯ ಗೋಣಿಚೀಲ ಹಾಸಿಕೊಂಡು ಕೂತಿದ್ದ, ಕೈಗೆ ಕೈಗವಸು. ಎದುರಿಗೆ ಕಲ್ಲಿಗೆ ಒರಗಿಸಿದ ಫೋನು. ಅದರೊಳಗೆ ಯಾರೋ ಬ್ರೇಕ್ ಹಾಕುವುದನ್ನು ತೋರಿಸುತ್ತಿದ್ದ. ಹಳೆಯ ಡ್ರಮ್ಮುಗಳು ಬೇಲಿಯ ಬುಡದಲ್ಲಿ ಬೋರಲಾಗಿ ಬಿದ್ದಿದ್ದವು. ಮಾವ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕೇಳಿದ ನಂಬರಿನ ಪಾನವನ್ನು ಕೇಳಿದ ಕೂಡಲೇ ಕೊಡುತ್ತಿದ್ದರು.

"ಹದಿನೇಳು, ಮಾವ."

"ತಗೋ. ನಿಧಾನ, ಬೆರಳು ಜೋಪಾನ."

ದೊಡ್ಡಳಿಯ ಜಾಕನ್ನು ನೆಲಕ್ಕಿಟ್ಟ. ಹನ್ನೊಂದು ವರ್ಷದಲ್ಲಿ ಮಾವ ಬಲೆ ಬಿಟ್ಟು ಎದ್ದುಬಂದು ಅವನಿಗೆ ಒಂದು ಪಾನವನ್ನೂ ಕೊಟ್ಟಿರಲಿಲ್ಲ. ಅವನ ಬೆರಳುಗಳು ಜೋಪಾನವಾಗಿವೆಯೇ ಎಂದು ಕೇಳಿರಲಿಲ್ಲ. ಅವುಗಳಲ್ಲಿ ಒಂದಕ್ಕೆ ಉಗುರೇ ಇರಲಿಲ್ಲ, ಇದೇ ಟ್ರೇಲರಿನ ದೆಸೆಯಿಂದ.

"ಬನ್ನಿ ಅಣ್ಣ, ನೀವು ಬಂದ್ರೆ ಧೈರ್ಯ," ಎಂದ ಚಿಕ್ಕಳಿಯ. "ಆ ಕಡೆದು ಮುಗೀತು. ಇದೂ ಕೂತ್ಕೊಳ್ತು. ಇನ್ನು ಗಾಳಿ ತೆಗೆದ್ರೆ ಆಯ್ತು."

"ಸಾಮಾನು ಗುರುತು ಹಿಡಿಯೋದು ಕಷ್ಟ ಆಯ್ತಾ?" ಏನಾದರೂ ಕೇಳಬೇಕಲ್ಲ ಎಂದು ದೊಡ್ಡಳಿಯ ಕೇಳಿದ.

ಉತ್ತರ ಕೊಟ್ಟವರು ಮಾವ. "ಏನು ಕಷ್ಟ. ಡಬ್ಬದ ಮೇಲೆ ಎಡ ಬಲ ಅಂತ ಗುರುತಿತ್ತು. ಇವನು ಡ್ರಮ್ ಬಿಚ್ಚೋ ಹೊತ್ತಿಗೆ ನಾನೇ ಡಬ್ಬ ಒಡೆದು, ಎಡದ್ದು ಎಡಗಾಲಿ ಹತ್ರ, ಬಲದ್ದು ಬಲಗಾಲಿ ಹತ್ರ ಇಟ್ಟೆ."

ದೊಡ್ಡಳಿಯನ ಕಿವಿ ಅಲ್ಲೇ ನಿಂತಿತು.

ಮಾವನ ಎಡ ಊರಿನ ಎಡ ಅಲ್ಲ. ಜೀಪು ಕೊಳ್ಳುವ ಮೊದಲು ಈ ಟ್ರೇಲರನ್ನು ಗಂಡ ಹೆಂಡತಿ ಇಬ್ಬರೇ ಕೈಯಲ್ಲಿ ಇಳಿಸುತ್ತಿದ್ದರು. ಅತ್ತೆ ಹಿಂದಿನಿಂದ ಹಗ್ಗ ಬಿಗಿ ಹಿಡಿಯುತ್ತಿದ್ದರು. ಮಾವ ಮುಂದೆ, ದೋಣಿಗೆ ಮುಖ ಮಾಡಿ, ಮೂತಿಯನ್ನು ಎದೆಗೆ ಆನಿಸಿಕೊಂಡು, ಹಿಮ್ಮೆಟ್ಟುತ್ತ ಇಳಿಯುತ್ತಿದ್ದರು. ಆಗ ಬ್ರೇಕು ಎಂದರೆ ಮಾವನ ಎರಡು ಕಾಲು. ಹಾಗೆ ದೋಣಿಗೆ ಎದುರು ನಿಂತವನ ಎಡಗೈ ಕಡೆಗೆ ಬರುವ ಗಾಲಿ, ಗಾಡಿ ಓಡಿಸುವವನ ಲೆಕ್ಕದಲ್ಲಿ ಬಲಗಾಲಿ. ಜೀಪು ಬಂದು ಹದಿನಾಲ್ಕು ವರ್ಷವಾದರೂ ಮಾವನ ಎಡ ಬಲ ಮಾತ್ರ ತಿರುಗಿ ನಿಲ್ಲಲಿಲ್ಲ. ಮದುವೆಯಾದ ವರ್ಷ ಮಾವ ಎಡಗಾಲಿ ಕಿರುಗುಟ್ಟುತ್ತದೆ ಎಂದಿದ್ದಕ್ಕೆ ದೊಡ್ಡಳಿಯ ಅರ್ಧ ದಿನ ಎಡಗಾಲಿಯನ್ನು ಬಿಚ್ಚಿ ಏನೂ ಕಾಣದೆ ಕೂತಿದ್ದ. ಅತ್ತೆ ಬಂದು, "ಅಯ್ಯೋ, ನಮ್ಮ ಯಜಮಾನ್ರ ಎಡ ಬೇರೆ ಕಣಪ್ಪ. ನಮ್ಮಿಬ್ಬರ ಎಡ ಬಲ ಒಂದು ದಿನವೂ ಒಂದಾಗ್ಲಿಲ್ಲ, ಆದ್ರೂ ಇಬ್ಬರು ಮಕ್ಕಳಾದ್ರು ನೋಡು," ಎಂದು ನಕ್ಕಿದ್ದರು. ಅಂದಿನಿಂದ ಅವನು ಮಾವನ ಮಾತನ್ನು ತಲೆಯೊಳಗೇ ತಿರುಗಿಸಿಕೊಂಡು ಕೆಲಸ ಮಾಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಹಾಗಾದರೆ ಎಡದ್ದು ಬಲಕ್ಕೆ ಕೂತಿರಬೇಕು.

ಅವನು ಕಣ್ಣು ಹಾಯಿಸಿದ. ಕೂತಿತ್ತು. ಡಿಸ್ಕನ್ನು ಮುಷ್ಟಿಯ ಹಾಗೆ ಕಚ್ಚಿ ಹಿಡಿಯುವ ಆ ಕ್ಯಾಲಿಪರಿನ ನೆತ್ತಿಯಲ್ಲಿ ಇರಬೇಕಾದ ಸಣ್ಣ ನಿಪ್ಪಲ್ಲು ಕೆಳಗೆ ನೆಲ ನೋಡುತ್ತಿತ್ತು. ಆಯಿಲು ತುಂಬಿದ ಮೇಲೆ ಒಳಗಿನ ಗಾಳಿಯನ್ನು ಆ ನಿಪ್ಪಲ್ಲಿನಿಂದ ಹೊರಗೆ ಬಿಡಬೇಕು. ಗಾಳಿ ಯಾವತ್ತೂ ಮೇಲಕ್ಕೇ ಹೋಗಿ ಕೂರುವುದು. ಕೆಳಗಿನಿಂದ ತೆರೆದರೆ ಬರೇ ಆಯಿಲು ಬರುತ್ತದೆ, ಗಾಳಿ ನೆತ್ತಿಯಲ್ಲಿ ಉಳಿಯುತ್ತದೆ. ಆಯಿಲನ್ನು ಒತ್ತಿದರೆ ಅದು ಮುಂದಿನದನ್ನು ಒತ್ತುತ್ತದೆ. ಗಾಳಿಯನ್ನು ಒತ್ತಿದರೆ ಅದು ಸುಮ್ಮನೆ ಕುಗ್ಗುತ್ತದೆ. ಬ್ರೇಕು ಇದ್ದೂ ಇಲ್ಲದ ಹಾಗೆ.

ಚಿಕ್ಕಳಿಯ ನಿಪ್ಪಲ್ಲಿಗೆ ಸಣ್ಣ ಪೈಪು ಸಿಕ್ಕಿಸಿ ಅದರ ತುದಿಯನ್ನು ಬಾಟಲಿಗೆ ಬಿಟ್ಟ. ಮಾವ ಟ್ರೇಲರಿನ ಮೂತಿಯಲ್ಲಿ ಸಲಾಕೆ ತೂರಿಸಿ ಒತ್ತಿದರು. ಪೈಪಿನಲ್ಲಿ ಆಯಿಲು ಜೇನಿನ ಹಾಗೆ ಒಂದೇ ಎಳೆಯಾಗಿ ಇಳಿಯಿತು.

"ನೋಡಿ ಅಣ್ಣ, ಒಂದು ಗುಳ್ಳೆ ಇಲ್ಲ."

"ಆ ಕಡೆಗೂ ಹಿಂಗೇ, ಒಂದೇ ಸಲಕ್ಕೆ ಬಂತು," ಎಂದರು ಮಾವ. "ಕೈಗುಣ ಅಂದ್ರೆ ಇದು ಕಣೋ. ಕೆಲವರಿಗೆ ಮುಟ್ಟಿದ್ರೆ ಸಾಕು."

ಆ ಮಾತು ಬರದೇ ಇದ್ದಿದ್ದರೆ ದೊಡ್ಡಳಿಯ ಬಹುಶಃ ಬಾಯಿ ಬಿಡುತ್ತಿದ್ದ. ನಾಲಿಗೆಯ ತುದಿಯವರೆಗೆ ಬಂದಿತ್ತು. ಕೈಗುಣ ಎಂದದ್ದು ಕೇಳಿ ಅದು ಹಿಂದಕ್ಕೆ ಹೋಯಿತು. ಅವನ ಕೈಗೆ ಹನ್ನೊಂದು ವರ್ಷ ಕೆಲಸವಿತ್ತು, ಗುಣ ಇರಲಿಲ್ಲ.

"ನೀವೊಂದ್ಸಲ ನೋಡಿಬಿಡಿ ಅಣ್ಣ," ಎಂದ ಚಿಕ್ಕಳಿಯ, ಕೈಗವಸು ಕಳಚುತ್ತ.

ದೊಡ್ಡಳಿಯ ಒಂದು ಸುತ್ತು ಬಂದ. ಬಗ್ಗಿ ಈ ಗಾಲಿ ನೋಡಿದ, ಆ ಗಾಲಿ ನೋಡಿದ. ಎರಡೂ ನಿಪ್ಪಲ್ಲುಗಳು ತಲೆಕೆಳಗಾಗಿ ತೂಗುತ್ತಿದ್ದವು. ಎದ್ದು, ಕೊಳೆಯೇ ಆಗದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಜಾಕನ್ನ ಕೆಲಸ ಆದ್ಮೇಲೆ ಕಳಿಸಿ," ಎಂದು ಹೇಳಿ ಹೊರಟುಬಂದ.

ಸಂಜೆ ಹೆಂಡತಿ ಹಗ್ಗದ ಮೇಲಿನ ಬಟ್ಟೆಗಳನ್ನು ತಂದು ಮಂಚದ ಮೇಲೆ ರಾಶಿ ಹಾಕಿ ಮಡಚತೊಡಗಿದಳು.

"ಹೆಂಗೆ ಹಾಕಿದ್ದಾನೆ ಬ್ರೇಕು?"

"ಹಾಕಿದ್ದಾನೆ."

"ಚೆನ್ನಾಗಿದೆಯಾ?"

"ಹೊಳೀತಿದೆ."

"ನಾನು ಕೇಳಿದ್ದು ಅದಲ್ಲ."

"ಹೊಸದು ಹೊಳೆಯೋದೇ ಅಲ್ವಾ."

ಅವಳು ಅವನ ಅಂಗಿಯ ತೋಳನ್ನು ಹಿಂದಕ್ಕೆ ಮಡಚಿ, ಅಂಗೈಯಿಂದ ಒತ್ತಿದಳು. "ನೀವು ಹೊಟ್ಟೆಯೊಳಗೇ ಒಲೆ ಹಚ್ಕೊಂಡಿದ್ದೀರಿ. ಒಂದು ರೀತಿ ಒಳ್ಳೇದೇ, ನನಗೆ ಇಲ್ಲಿ ಗ್ಯಾಸ್ ಉಳೀತು."

"ನನಗ್ಯಾಕೆ ಹೊಟ್ಟೆಯುರಿ."

"ಅಪ್ಪನಿಗೆ ಈಗ ಚಿಕ್ಕಳಿಯನೇ ಎಡ, ಚಿಕ್ಕಳಿಯನೇ ಬಲ. ಅದಕ್ಕೆ."

ಅವಳು ತಮಾಷೆಗೆ ಅಂದದ್ದು. ಅವನು ಮಾತ್ರ ಗೋಡೆ ನೋಡಿದ. ಆಗಲೂ ಹೇಳಬಹುದಿತ್ತು. ಹೆಂಡತಿ ತಾನೇ, ಅವಳ ಕಿವಿಗೆ ಹಾಕಿದರೆ ಅವಳು ಅಪ್ಪನಿಗೆ ಹೇಳುತ್ತಿದ್ದಳು, ಮಾತು ಮೆತ್ತಗೆ ದಾಟಿಬಿಡುತ್ತಿತ್ತು. ಆದರೆ ಹಾಗೆ ದಾಟಿದ ಮಾತಿನಿಂದ ಅವನಿಗೇನು ಸಿಗುತ್ತದೆ. ಅವರಿಬ್ಬರೂ ನಗುತ್ತ ನಾಲ್ಕು ಬೋಲ್ಟು ಬಿಚ್ಚಿ ಹಾಕುತ್ತಾರೆ. ಮಾವ ಮತ್ತೆ ಪಾನ ಎತ್ತಿಕೊಡುತ್ತಾರೆ.

ಅವನ ಕಣ್ಣ ಮುಂದೆ ಬೇರೆಯದೇ ನಡೆಯುತ್ತಿತ್ತು. ಜೀಪು ಇಳಿಜಾರಿಗೆ ಇಳಿಯುತ್ತದೆ. ಬ್ರೇಕು ಅಷ್ಟಿಷ್ಟು ಹಿಡಿಯುತ್ತದೆ, ಪೂರಾ ಹಿಡಿಯುವುದಿಲ್ಲ. ದೋಣಿಯ ಭಾರ ಜೀಪಿನ ಬೆನ್ನಿಗೆ ಗುಮ್ಮುತ್ತದೆ. ಮಾವ ಹಳೆಯ ಚಾಲಕ, ಗೇರು ಇಳಿಸಿ ಹೇಗೋ ನಿಲ್ಲಿಸುತ್ತಾರೆ. ಇಳಿದು ಬಂದು ಹಣೆ ಒರೆಸಿಕೊಂಡು, "ದೊಡ್ಡಳಿಯನ್ನ ಕರೀರಿ," ಎನ್ನುತ್ತಾರೆ. ಈ ಕೊನೆಯ ಮಾತನ್ನು ಅವನು ಅಂದು ಸಂಜೆ ಎಷ್ಟು ಸಲ ಕೇಳಿಸಿಕೊಂಡನೋ. ತಿರುವಿನಲ್ಲಿ ನಿಲ್ಲದೇ ಹೋದರೆ ಎನ್ನುವ ಕಡೆಗೆ ಮನಸ್ಸನ್ನು ಹೋಗಗೊಡಲಿಲ್ಲ.

"ನಾಳೆ ನಾನೂ ಹೋಗ್ತೀನಿ," ಎಂದಳು ಹೆಂಡತಿ. "ಅಕ್ಕ ತಂಗಿ ಇಬ್ಬರೂ ಜೀಪಲ್ಲಿ ಹಿಂದೆ ಕೂತ್ಕೊಂಡು ಹೋಗಿ, ಹೊಸ ಬ್ರೇಕ್ ನೋಡ್ಕೊಂಡು ಬರೋಣ ಅಂತ."

"ನೀನ್ಯಾಕೆ ಹೋಗ್ತೀಯ?"

"ಯಾಕೆ ಹೋಗ್ಬಾರದು?"

"ಬಿಸಿಲು," ಎಂದ.

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, "ಬೆಳಗ್ಗೆ ಏಳು ಗಂಟೆಗೆ ಎಲ್ಲಿ ಬಿಸಿಲು," ಎಂದು ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಹೋದಳು.

ಬೆಳಿಗ್ಗೆ ಅವಳು ಎದ್ದು ಹೋದದ್ದು ಅವನಿಗೆ ಗೊತ್ತಾಯಿತು. ಅವನು ಷೆಡ್ಡಿನ ಬಾಗಿಲು ತೆರೆದ, ಮುಚ್ಚಿದ, ಮತ್ತೆ ತೆರೆದ. ಸ್ಟೂಲಿನ ಮೇಲೆ ಕೂತರೆ ರಸ್ತೆ ಕಾಣುತ್ತಿತ್ತು. ಜೀಪು ಹೊರಟರೆ ಆ ರಸ್ತೆಯಲ್ಲೇ ಹೋಗಬೇಕು. ನಿನ್ನೆಯ ಚಿತ್ರದಲ್ಲಿ ಜೀಪಿನ ಹಿಂದಿನ ಸೀಟು ಖಾಲಿ ಇತ್ತು. ಈಗ ಅಲ್ಲಿ ಇಬ್ಬರು ಕೂತಿದ್ದರು, ಒಬ್ಬಳು ನೀಲಿ ಸೀರೆಯಲ್ಲಿ. ಅದನ್ನು ಉಟ್ಟುಕೊಂಡೇ ಅವಳು ಹೊರಗೆ ಹೋದದ್ದು. ಎಷ್ಟು ಉಜ್ಜಿದರೂ ಅವರು ಅಳಿಸಿಹೋಗಲಿಲ್ಲ. ಜಾಕ್ ವಾಪಸು ಬಂದಿಲ್ಲವಲ್ಲ, ತರೋಣ ಎಂದು ಎದ್ದ. ತನಗೆ ತಾನೇ ಇನ್ನೂ ಸುಳ್ಳು ಹೇಳುತ್ತಿದ್ದ.

ಅವನು ಹಿತ್ತಲ ಕಡೆಯಿಂದ ಅಂಗಳಕ್ಕೆ ಬಂದ. ದೋಣಿಯನ್ನು ಟ್ರೇಲರಿಗೆ ಏರಿಸಿ, ಎಂಜಿನ್, ಬಲೆ, ಡೀಸೆಲ್ ಕ್ಯಾನು ಎಲ್ಲ ಹೇರಿಯಾಗಿತ್ತು. ಜೀಪು ಆ ತುದಿಗೆ ಇತ್ತು. ನಡುವೆ ದೋಣಿ ಅಡ್ಡವಿದ್ದುದರಿಂದ ಅವರಿಗೆ ಅವನು ಕಾಣಲಿಲ್ಲ. ಅವನಿಗೆ ಮಾತು ಕೇಳುತ್ತಿತ್ತು.

"ಮಾವ, ಮೂತಿ ಒತ್ತಿದ್ರೆ ಸ್ವಲ್ಪ ಮೆತ್ತಗಿದೆ ಅನ್ಸುತ್ತೆ," ಎನ್ನುತ್ತಿದ್ದ ಚಿಕ್ಕಳಿಯ. "ಸ್ಪಂಜಿನ ಹಾಗೆ. ಹೊಸದಕ್ಕೆ ಹಂಗಿರುತ್ತೋ ಏನೋ."

"ನಿನ್ನೆ ಅಂಗಳದಲ್ಲಿ ಎಳೆದು ನೋಡಿದಾಗ ನಿಲ್ತಲ್ಲ."

"ಅದು ಖಾಲಿ ಇತ್ತು. ಅಣ್ಣನಿಗೆ ಒಂದು ಮಾತು ಕೇಳಿಬಿಡೋಣ್ವಾ?"

"ಕೇಳೋದೇನು, ಅವರು ನಿನ್ನೆ ನೋಡಿದ್ರಲ್ಲ." ಮಾವನ ದನಿ ನಿರಾಳವಾಗಿತ್ತು. "ಎರಡು ಗಾಲಿನೂ ಬಗ್ಗಿ ನೋಡಿದ್ರು. ಏನೂ ಅನ್ನಲಿಲ್ಲ. ನಿನಗೆ ಅವರು ಗೊತ್ತಿಲ್ಲ ಕಣೋ. ಹನ್ನೊಂದು ವರ್ಷ ಆಯ್ತು, ಚೆನ್ನಾಗಿದೆ ಅಂತ ಅವರ ಬಾಯಲ್ಲಿ ನಾನು ಕೇಳಿಲ್ಲ. ತಪ್ಪಿದ್ರೆ ಬಿಡಲ್ಲ, ಸರಿಯಿದ್ರೆ ಪೆಟ್ಟಿಗೆ ಎತ್ಕೊಂಡು ಹೋಗ್ತಾರೆ. ಅವರು ಸುಮ್ಮನೆ ಎದ್ದುಹೋದ ದಿನ ನಾನು ಹಿಂದೆ ತಿರುಗಿ ನೋಡದೆ ಇಳಿಸ್ತೀನಿ. ಈ ಜೀಪಿನ ಕನ್ನಡಿ ಒಡೆದು ಎಷ್ಟು ವರ್ಷ ಆಯ್ತು ಗೊತ್ತಾ? ಯಾಕೆ ಹಾಕಿಸಿಲ್ಲ ಅಂದ್ಕೊಂಡೆ. ಹತ್ತು, ಹತ್ತು."

ಜೀಪಿನ ಬಾಗಿಲು ಮುಚ್ಚಿದ ಸದ್ದಾಯಿತು.

ದೊಡ್ಡಳಿಯ ದೋಣಿಯ ಅಂಚು ಹಿಡಿದು ನಿಂತಿದ್ದ. ಇಷ್ಟು ವರ್ಷ ಬಾರದ ಮಾತು, ಬಂದದ್ದು ಅವನಿಲ್ಲದ ಕಡೆಗೆ, ಇನ್ನೊಬ್ಬನ ಕಿವಿಗೆ, ಬರಬಾರದ ದಿನ. ನಿನ್ನೆ ತಾನು ಯಾವ ಮಾತನ್ನೂ ಕೊಡದೆ ಬಂದೆ ಎಂದುಕೊಂಡಿದ್ದ. ಅವನ ಬಾಯಿ ಮುಚ್ಚಿದ್ದೇ ಈ ಮನೆಯಲ್ಲಿ ಸಹಿಯಾಗಿತ್ತು. ಜೀಪಿನ ಎಂಜಿನ್ ಶುರುವಾಯಿತು.

"ಇಳಿಸ್ಬೇಡಿ."

ಎಂಜಿನ್ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವನು ದೋಣಿಯನ್ನು ಬಳಸಿ ಓಡಿಬಂದು ಜೀಪಿನ ಬಾನೆಟ್ಟಿಗೆ ಅಂಗೈಯಿಂದ ಬಡಿದ. "ಇಳಿಸ್ಬೇಡಿ, ಮಾವ. ಬ್ರೇಕ್ ಇಲ್ಲ ಇದಕ್ಕೆ."

ಎಂಜಿನ್ ನಿಂತಿತು. ಮಾವ ಇಳಿದರು. "ಇಲ್ಲ ಅಂದ್ರೆ?"

"ಕ್ಯಾಲಿಪರ್ ಅದಲುಬದಲಾಗಿದೆ. ನಿಪ್ಪಲ್ ಕೆಳಗಾಗಿದೆ. ಗಾಳಿ ಎಲ್ಲ ಒಳಗೇ ಇದೆ."

ಚಿಕ್ಕಳಿಯ ಅಲ್ಲೇ ನೆಲಕ್ಕೆ ಮಂಡಿಯೂರಿ ಗಾಲಿಯ ಹಿಂದೆ ಕತ್ತು ಹಾಕಿದ. ಎದ್ದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

"ನಾನೇ ಇಟ್ಟೆನಲ್ಲ," ಎಂದರು ಮಾವ. "ಎಡದ್ದು ಎಡಕ್ಕೆ ಇಟ್ಟೆ."

"ಯಾರ ಎಡಕ್ಕೆ?" ಎಂದರು ಪಡಸಾಲೆಯಿಂದ ಅತ್ತೆ. ಯಾರೂ ನಗಲಿಲ್ಲ.

"ನಂದೇ ತಪ್ಪು ಮಾವ," ಎಂದ ಚಿಕ್ಕಳಿಯ. "ನಿಪ್ಪಲ್ ಮೇಲಿರ್ಬೇಕು ಅಂತ ದಿನಾ ಕೌಂಟರಿನಲ್ಲಿ ಹತ್ತು ಜನಕ್ಕೆ ಹೇಳ್ತೀನಿ. ನಾನು ನೋಡ್ಕೋಬೇಕಿತ್ತು."

"ನೀನೇನು ಮಾಡ್ತೀಯೋ, ಇಟ್ಟವನು ನಾನು."

"ಇಲ್ಲ ಮಾವ, ಹಾಕಿದವನು ನಾನು."

ಇಬ್ಬರೂ ತಪ್ಪನ್ನು ಹಂಚಿಕೊಳ್ಳುತ್ತಿದ್ದರು, ಒಂದೇ ಬುತ್ತಿಯಿಂದ ಉಣ್ಣುವವರ ಹಾಗೆ. ಆ ಹೊತ್ತಿನಲ್ಲೂ ದೊಡ್ಡಳಿಯನಿಗೆ ಹೊಟ್ಟೆ ಉರಿಯಿತು. ಅವರ ತಪ್ಪಿನಲ್ಲೂ ಅವನಿಗೆ ಪಾಲಿರಲಿಲ್ಲ. ಅವನದೇ ಒಂದು ಬೇರೆ ಇತ್ತು, ಅದನ್ನು ಹಂಚಿಕೊಳ್ಳಲು ಯಾರೂ ಬರುವಂತಿರಲಿಲ್ಲ.

ಮಾವ ಅವನ ಕಡೆಗೆ ತಿರುಗಿದರು. ಏನೋ ಹೊಂದಿಸಿಕೊಳ್ಳುವ ಹಾಗೆ ಸ್ವಲ್ಪ ಹೊತ್ತು ನೋಡಿದರು.

"ಯಾವಾಗ ನೋಡಿದೆ?"

ನೋಡಿದೆ. ಹನ್ನೊಂದು ವರ್ಷದ ಬಹುವಚನ ಕಳಚಿಬಿದ್ದದ್ದು ಅವನಿಗೆ ಕೇಳಿಸಿತು. ಮಾವನಿಗೆ ಕೇಳಿಸಲಿಲ್ಲ.

ಈಗ ತಾನೇ ಎಂದುಬಿಡಬಹುದಿತ್ತು. ಹಿತ್ತಲಿಂದ ಬರುವಾಗ ಕಣ್ಣಿಗೆ ಬಿತ್ತು ಎಂದರೆ ಎಲ್ಲರೂ ನಂಬುತ್ತಿದ್ದರು, ಬೆನ್ನು ತಟ್ಟುತ್ತಿದ್ದರು. ಅವನು ತಲೆಯೆತ್ತಿದಾಗ ಜೀಪಿನ ಹಿಂದಿನ ಸೀಟಿನಿಂದ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಒಬ್ಬಳು ಆಗಲೇ ನಂಬುತ್ತಿರಲಿಲ್ಲ.

"ನಿನ್ನೆ," ಎಂದ.

ಹೆಂಡತಿ ಜೀಪಿನಿಂದ ಇಳಿದಳು. ಅವನ ಪಕ್ಕದಲ್ಲಿ ಹಾದುಹೋಗುವಾಗ ದನಿ ಏರಿಸದೆ, "ಬಿಸಿಲು ಅಂದ್ರಿ," ಎಂದಳು. ತಂಗಿಯ ಕೈ ಹಿಡಿದುಕೊಂಡು ಒಳಗೆ ಹೋದಳು.

ಎರಡು ಗಂಟೆಯ ಕೆಲಸ. ದೊಡ್ಡಳಿಯ ಟ್ರೇಲರಿಗೆ ಜಾಕ್ ಕೊಟ್ಟು ಎತ್ತಿದ, ಗಾಲಿ ಕಳಚಿದ, ಕ್ಯಾಲಿಪರುಗಳನ್ನು ಬಿಚ್ಚಿ ಬದಿ ಬದಲಿಸಿದ. ಚಿಕ್ಕಳಿಯ ಕೇಳಿದ್ದನ್ನು ಕೊಟ್ಟ. ಕೈಗವಸು ಹಾಕಿಕೊಂಡಿರಲಿಲ್ಲ. ಒಂದು ಕಡೆ ಮುಗಿದ ಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ನಿನ್ನೆ ಹೇಳಿದ್ರೆ ನಾನೇನು ಬೇಜಾರು ಮಾಡ್ಕೊಳ್ತಿದ್ನಾ ಅಣ್ಣ?"

"ಇಲ್ಲ."

"ಮತ್ತೆ?"

"ಅದಕ್ಕೇ," ಎಂದ ದೊಡ್ಡಳಿಯ.

ಚಿಕ್ಕಳಿಯನಿಗೆ ಅರ್ಥವಾಯಿತೋ ಇಲ್ಲವೋ, ಹೋಗಿ ಮೂತಿಯ ಸಲಾಕೆ ಒತ್ತಿದ. ದೊಡ್ಡಳಿಯ ನಿಪ್ಪಲ್ ತೆರೆದ. ಪೈಪಿನೊಳಗೆ ಗಾಳಿ ಬುಳುಬುಳು ಎಂದು ಹೊರಟಿತು. ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ, ನೊರೆ, ಮತ್ತೆ ಗುಳ್ಳೆ. ಬಾಟಲಿ ತುಂಬ ಅದೇ. ಮಾವ ಬಲೆಯ ಹತ್ತಿರ ಹೋಗಿ ಕೂರಲಿಲ್ಲ. ಪಾನವನ್ನೂ ಕೊಡಲಿಲ್ಲ. ಗಾಲಿಯ ಪಕ್ಕದಲ್ಲಿ ನಿಂತು, ಎರಡೂ ಕಡೆಯಲ್ಲಿ ಕೊನೆಯ ಗುಳ್ಳೆ ಹೋಗುವವರೆಗೂ ನೋಡಿದರು.

ಒಂಬತ್ತೂವರೆಗೆ ಹೊರಟರು. ಹೆಂಗಸರು ಬರಲಿಲ್ಲ. ಚಿಕ್ಕಳಿಯ ಹಿಂದೆ ಕೂತ, ದೊಡ್ಡಳಿಯ ಮಾವನ ಪಕ್ಕಕ್ಕೆ. ಮಾವ ಬಾ ಎಂದೂ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ, ಅವನೇ ಹತ್ತಿದ. ತಿರುವಿನಲ್ಲಿ ಮಾವ ಜೀಪನ್ನು ನಿಧಾನ ಮಾಡಿದರು. ಹಿಂದಿನ ಭಾರ ಒಂದು ಸಣ್ಣ ನೂಕೂ ಕೊಡದೆ, ಹೇಳಿದ ಮಾತು ಕೇಳುವ ಎತ್ತಿನ ಹಾಗೆ ತಾನೂ ನಿಧಾನವಾಯಿತು. ಹಳೆಯ ಡ್ರಮ್ಮುಗಳು, ಹೊಸದಾಗಿ ಉಜ್ಜಿದ ದಿನ ಕೂಡ, ಹೀಗೆ ಹಿಡಿದಿರಲಿಲ್ಲ. ಅದು ಅವನಿಗೆ ಗೊತ್ತಾಯಿತು, ಗೊತ್ತಾಗಬಾರದಿತ್ತು ಅನ್ನಿಸಿತು. ಹಿಂದಿನ ಸೀಟಿನಲ್ಲಿ ಚಿಕ್ಕಳಿಯ ಉಸಿರು ಬಿಟ್ಟದ್ದು ಕೇಳಿಸಿತು.

ಮಾವ ತಿರುವು ದಾಟುವಾಗ ಮೂರು ಸಲ ಹಿಂದಕ್ಕೆ ತಿರುಗಿ ನೋಡಿದರು.

ದಡದಲ್ಲಿ ಜೀಪನ್ನು ತಿರುಗಿಸಿ, ಟ್ರೇಲರನ್ನು ಹಿಂದಕ್ಕೆ ನೀರಿಗೆ ಬಿಟ್ಟರು. ದೊಡ್ಡಳಿಯ ಮೊಣಕಾಲವರೆಗೆ ನೀರಿಗಿಳಿದು, ದೋಣಿ ಜಾರಿಹೋಗದಂತೆ ಅದರ ಹಗ್ಗವನ್ನು ದಡದ ಗೂಟಕ್ಕೆ ಗಂಟು ಹಾಕಿದ. ಸಾವಿರ ಸಲ ಹಾಕಿದ ಗಂಟು. ಹಾಕಿ, ಪಕ್ಕಕ್ಕೆ ಸರಿದು ನಿಂತ. ಸಾಮಾನ್ಯವಾಗಿ ಅವನು ಸರಿದ ಕೂಡಲೇ ಮಾವ ಟ್ರೇಲರಿನ ಕೊಕ್ಕೆ ಬಿಚ್ಚಿ ದೋಣಿಯನ್ನು ದೂಡುತ್ತಿದ್ದರು.

ಮಾವ ಕೊಕ್ಕೆಯ ಮೇಲೆ ಕೈಯಿಟ್ಟು ನಿಂತರು.

"ಸರಿಯಿದೆಯಾ?"

ದೊಡ್ಡಳಿಯನಿಗೆ ಮೊದಲು ತನ್ನನ್ನೇ ಕೇಳುತ್ತಿದ್ದಾರೆ ಎಂದು ಗೊತ್ತಾಗಲಿಲ್ಲ. ಚಿಕ್ಕಳಿಯ ಅವನ ಮುಖ ನೋಡಿದ.

"ಸರಿಯಿದೆ," ಎಂದ.

ಮಾವ ತಲೆಯಾಡಿಸಿದರು. ಕೊಕ್ಕೆಯನ್ನು ಬಿಟ್ಟು ಮೆಲ್ಲಗೆ ಗೂಟದವರೆಗೆ ನಡೆದುಬಂದರು. ಬಗ್ಗಿ, ಹಗ್ಗವನ್ನು ತಾವೇ ಎರಡು ಸಲ ಜಗ್ಗಿ ನೋಡಿ, ಆಮೇಲೆ ಹಿಂದಕ್ಕೆ ಹೋಗಿ ದೋಣಿಯನ್ನು ನೀರಿಗೆ ಬಿಟ್ಟರು.